ಹಳೆಯ ಕಾರಿಗೆ ಹೊಸ ಫ್ಯೂಸ್ ಪೆಟ್ಟಿಗೆ

ಮಳೆಗಾಲದ ಸಂಜೆ, ಬೆಂಗಳೂರಿನ ಹೆಬ್ಬಾಳದ ಮೇಲ್ಸೇತುವೆಯನ್ನೇರಲು ಕಾದು ನಿಂತ ವಾಹನಗಳ ಸಾಲಿನಲ್ಲಿ ನಿಮ್ಮ ಅಂಬಾಸಡರೂ ಸಿಕ್ಕಿಕೊಂಡು, ವೈಪರ್ ಆಡುತ್ತ, ಕಾಲು ಬ್ರೇಕಿನ ಮೇಲಿರುವ ಕಾರಣ ಹಿಂದಿನ ಕೆಂಪು ದೀಪಗಳು ಉರಿಯುತ್ತ, ಎಡಕ್ಕೆ ಸರಿಯುವ ಇಂಡಿಕೇಟರ್ ಮಿನುಗುತ್ತಿರುವಾಗ, ಇದ್ದಕ್ಕಿದ್ದಂತೆ ಅವೆಲ್ಲವೂ ಏಕಕಾಲದಲ್ಲಿ ಸ್ತಬ್ಧವಾಗಿ ಪೆಟ್ರೋಲ್ ಮುಳ್ಳು ಕೂಡ ಸೊನ್ನೆಗೆ ಬಿದ್ದಿತೆಂದರೆ, ಇಷ್ಟೊಂದು ಉಪಕರಣಗಳು ಒಂದೇ ಕ್ಷಣದಲ್ಲಿ ಕೆಟ್ಟಿರಲಾರವೆಂಬುದು ಯಾರಿಗಾದರೂ ಹೊಳೆಯುತ್ತದೆ. ಹೋಗಿರುವುದು ಒಂದೇ ಒಂದು ಗಾಜಿನ ಫ್ಯೂಸು. ಅದರ ಬೆನ್ನಿಗೆ ಕಾರಿನ ಅರ್ಧ ಸಂಸಾರವೇ ಜೋತುಬಿದ್ದಿದ್ದುದರಿಂದ ಎಲ್ಲವೂ ಒಟ್ಟಿಗೆ ಹೋದವು.

ಯಲಹಂಕದ ಹಳೆಯ ಪೇಟೆಯಲ್ಲಿಯೂ, ಆರ್.ಟಿ. ನಗರ, ಗಂಗಾನಗರಗಳ ಕಾಂಪೌಂಡುಳ್ಳ ಮನೆಗಳಲ್ಲಿಯೂ, ಜಾಲಹಳ್ಳಿಯ ಕಾರ್ಖಾನೆಗಳಲ್ಲಿ ದುಡಿದು ನಿವೃತ್ತರಾದವರ ಷೆಡ್ಡುಗಳಲ್ಲಿಯೂ ಅಂಬಾಸಡರ್, ಪದ್ಮಿನಿ, ಹೆರಾಲ್ಡ್ ಕಾರುಗಳು ಇಂದಿಗೂ ಅಕ್ಕರೆಯಿಂದ ಉಳಿದುಬಂದಿವೆ. ಅವುಗಳ ಬಣ್ಣಕ್ಕೂ ಕ್ರೋಮಿಗೂ ಸೀಟಿನ ಹೊದಿಕೆಗೂ ಧಾರಾಳವಾಗಿ ವೆಚ್ಚಮಾಡುವ ಮಾಲೀಕರು ಬಾನೆಟ್ಟಿನ ಒಳಗಿನ ತಂತಿಗಳನ್ನು ಮಾತ್ರ ಅಲಕ್ಷಿಸುತ್ತಾರೆ. ಕಾರಿಗೆ ಬೆಂಕಿ ಹೊತ್ತುವುದು ಎಷ್ಟೋ ಬಾರಿ ಆ ಅಲಕ್ಷ್ಯದ ಎಡೆಯಿಂದಲೇ ಆದ್ದರಿಂದ, ಹೊಸ ಬಣ್ಣಕ್ಕಿಂತ ಮೊದಲು ಹೊಸ ಫ್ಯೂಸ್ ಪೆಟ್ಟಿಗೆಯೆಂಬುದು ಈ ಲೇಖಕನ ನಿಶ್ಚಿತವಾದ ಅಭಿಪ್ರಾಯ.

ಮೂಲದಲ್ಲಿ ಇದ್ದ ವ್ಯವಸ್ಥೆ

ಉತ್ತರಪಾರಾದ ಹಿಂದೂಸ್ತಾನ್ ಮೋಟಾರ್ಸ್ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಅಂಬಾಸಡರ್, ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಮೂರನೆಯ ಸರಣಿಯ ಕಾರಿನಿಂದ ಬಂದುದು. ಅದರೊಡನೆ ಲೂಕಾಸ್ ಕಂಪನಿಯ ವಿದ್ಯುತ್ ಪದ್ಧತಿಯೂ ಬಂದಿತು. ಆ ಪದ್ಧತಿಯ ಹಳೆಯ ಕಾರುಗಳಲ್ಲಿ ಎರಡೇ ಫ್ಯೂಸುಗಳು. ಎ1 ಮತ್ತು ಎ2 ಎಂಬ ಗುರುತುಗಳ ನಡುವಿನದು ಹಾರ್ನು ಮುಂತಾಗಿ ಸದಾ ವಿದ್ಯುತ್ತಿರಬೇಕಾದವುಗಳಿಗೆ. ಎ3 ಮತ್ತು ಎ4ರ ನಡುವಿನದು ಕೀಲಿ ತಿರುಗಿಸಿದ ಮೇಲೆ ಮಾತ್ರ ಕೆಲಸಮಾಡುವ ವೈಪರ್, ಇಂಡಿಕೇಟರ್, ಬ್ರೇಕ್ ದೀಪ, ಪೆಟ್ರೋಲ್ ಮಾಪಕಗಳಿಗೆ. ಹೆಡ್‌ಲೈಟಿಗೆ ಫ್ಯೂಸೇ ಇಲ್ಲ. ಬೊಂಬಾಯಿಯ ಕುರ್ಲಾದಲ್ಲಿ ತಯಾರಾದ ಫಿಯಟ್ 1100, ಅಂದರೆ ಮುಂದೆ ಪದ್ಮಿನಿಯೆಂದು ಹೆಸರಾದ ಕಾರು, ಈ ವಿಷಯದಲ್ಲಿ ಉದಾರವಾದುದು: ಅದರಲ್ಲಿ ಪಿಂಗಾಣಿಯ ಮೈಮೇಲೆ ಲೋಹದ ಪಟ್ಟಿ ಹೊದ್ದ, ಎರಡು ತುದಿ ಚೂಪಾದ ಫ್ಯೂಸುಗಳ ಸಾಲೇ ಇರುತ್ತದೆ, ಬಿಳಿಯದು 8 ಆಂಪಿಯರ್, ಕೆಂಪು 16 ಆಂಪಿಯರ್. ಆದರೆ ಆ ಚೂಪು ತುದಿಗಳನ್ನು ಹಿಡಿದಿರುವ ಹಿತ್ತಾಳೆಯ ಕ್ಲಿಪ್ಪುಗಳು ಕಾಲಕ್ರಮದಲ್ಲಿ ಸಡಿಲಗೊಂಡು ಕಿಲುಬು ಹಿಡಿಯುವುದು ಅದರ ದೌರ್ಬಲ್ಯ.

ಕೆಲಸಕ್ಕೆ ಮೊದಲು ತಿಳಿಯಬೇಕಾದ ತತ್ತ್ವ

ಫ್ಯೂಸು ಇರುವುದು ದೀಪವನ್ನೋ ಹಾರ್ನನ್ನೋ ಕಾಪಾಡುವುದಕ್ಕೆಂದು ಬಹುಮಂದಿ ಭಾವಿಸಿದ್ದಾರೆ. ಅದು ಕಾಪಾಡುವುದು ತಂತಿಯನ್ನು. ಸವೆದ ತಂತಿಯೊಂದು ಕಾರಿನ ಮೈಗೆ ತಗುಲಿದಾಗ ಬ್ಯಾಟರಿಯು ನೂರಾರು ಆಂಪಿಯರ್ ಪ್ರವಾಹವನ್ನು ಆ ಹಾದಿಯಲ್ಲಿ ಸುರಿಯಬಲ್ಲದು. ಆಗ ಹಾದಿಯಲ್ಲಿ ಎಲ್ಲಕ್ಕಿಂತ ದುರ್ಬಲವಾದುದು ಮೊದಲು ಕರಗುತ್ತದೆ. ಆ ದುರ್ಬಲ ಎಡೆಯನ್ನು ನಾವೇ ಬುದ್ಧಿಪೂರ್ವಕವಾಗಿ ಒಂದು ಸುರಕ್ಷಿತ ಸ್ಥಳದಲ್ಲಿ ನಿರ್ಮಿಸಿಟ್ಟರೆ ಅದೇ ಫ್ಯೂಸು. ಹೀಗಾದುದರಿಂದ ಎರಡು ನಿಯಮಗಳು ತಾವಾಗಿಯೇ ಹೊರಡುತ್ತವೆ: ಫ್ಯೂಸಿನ ಶಕ್ತಿ ಅದರ ಮುಂದಿನ ತಂತಿಯ ಶಕ್ತಿಗಿಂತ ಕಡಿಮೆಯಿರತಕ್ಕದ್ದು, ಮತ್ತು ಫ್ಯೂಸು ಬ್ಯಾಟರಿಯ ಕಡೆಯ ತುದಿಗೆ ಸಾಧ್ಯವಾದಷ್ಟು ಹತ್ತಿರವಿರತಕ್ಕದ್ದು, ಏಕೆಂದರೆ ಬ್ಯಾಟರಿಗೂ ಫ್ಯೂಸಿಗೂ ನಡುವಿನ ತಂತಿಗೆ ಯಾವ ರಕ್ಷಣೆಯೂ ಇಲ್ಲ.

ಇನ್ನೊಂದು ಸಂಗತಿಯನ್ನು ಸ್ವಲ್ಪ ಸಾವಕಾಶವಾಗಿ ಗಮನಿಸಬೇಕು. ಹಳೆಯ ಪೆಟ್ಟಿಗೆಯ ಕ್ಲಿಪ್ಪಿನಲ್ಲಿ ಕಿಲುಬು ಸೇರಿ, ಅಲ್ಲಿ ಒಂದು ಓಮ್‌ನ ಹತ್ತನೆಯ ಒಂದು ಭಾಗದಷ್ಟು ಮಾತ್ರವೇ ನಿರೋಧ ಉಂಟಾಗಿದೆಯೆಂದು ಇಟ್ಟುಕೊಳ್ಳಿ. ಅದರ ಮೂಲಕ 10 ಆಂಪಿಯರ್ ಹರಿದರೆ ಒಂದು ವೋಲ್ಟ್ ಅಲ್ಲಿಯೇ ನಷ್ಟವಾಗುತ್ತದೆ, ಮತ್ತು 10 ವಾಟ್‌ನಷ್ಟು ಉಷ್ಣ ಬೆರಳಿನ ಉಗುರಿನಷ್ಟಗಲದ ಆ ತಗಡಿನಲ್ಲಿ ಹುಟ್ಟುತ್ತದೆ. ಹಳೆಯ ಫ್ಯೂಸ್ ಪೆಟ್ಟಿಗೆಯ ಕಪ್ಪು ಪೀಠ ಒಂದು ಮೂಲೆಯಲ್ಲಿ ಕಂದಿ, ಉಬ್ಬಿ, ಪಕ್ಕದ ತಂತಿಯ ಹೊದಿಕೆ ಬಿರುಸಾಗಿ ಬಿರಿದಿರುವುದನ್ನು ಕಂಡರೆ ಅದಕ್ಕೆ ಈ ಉಷ್ಣವೇ ಕಾರಣ. ನಷ್ಟವಾದ ಆ ಒಂದು ವೋಲ್ಟ್ ದೀಪದ ಬೆಳಕನ್ನು ಹೆಚ್ಚುಕಡಮೆ ಕಾಲುಭಾಗ ಕುಗ್ಗಿಸುತ್ತದೆ. ಬಲ್ಬಿನ ಬೆಳಕು ವೋಲ್ಟೇಜಿಗಿಂತ ಬಹಳ ವೇಗವಾಗಿ ಇಳಿಯುವ ವಸ್ತು. ಇಂಥಲ್ಲಿ ಫ್ಯೂಸು ಹಾರುವುದೂ ಇಲ್ಲ, ಏಕೆಂದರೆ ಪ್ರವಾಹ ಮಿತಿಯೊಳಗೇ ಇರುತ್ತದೆ. ಹೊಸ ಪೆಟ್ಟಿಗೆಯ ಬಿಗಿಯಾದ ಹಿಡಿತವೇ ಇದಕ್ಕೆ ಪರಿಹಾರ.

ಈಗ ಒಂದು ಮುಖ್ಯವಾದ ಎಚ್ಚರಿಕೆ. ಲೂಕಾಸ್ ಗಾಜಿನ ಫ್ಯೂಸಿನ ಮೇಲೆ 35 ಎಂದು ಬರೆದಿದ್ದರೆ ಅದು 35 ಆಂಪಿಯರಿಗೆ ಹಾರುತ್ತದೆಂದು ಅರ್ಥ. ನಿರಂತರವಾಗಿ ಅದು ಹೊರಬಲ್ಲುದು ಅದರ ಅರ್ಧ, ಸುಮಾರು 17 ಆಂಪಿಯರ್ ಮಾತ್ರ. ಇಂದಿನ ಬ್ಲೇಡ್ ಫ್ಯೂಸಿನ ಮೇಲಿನ ಅಂಕಿಯಾದರೋ ಅದು ನಿರಂತರವಾಗಿ ಹೊರುವ ಪ್ರವಾಹವನ್ನು ಹೇಳುತ್ತದೆ. ಹಳೆಯ ಅಂಕಿಯನ್ನು ನೋಡಿ 30 ಅಥವಾ 35 ಆಂಪಿಯರಿನ ಹೊಸ ಫ್ಯೂಸನ್ನು ಹಾಕಿದವನು ತನ್ನ ಕಾರಿನ ರಕ್ಷಣೆಯನ್ನು ಅರ್ಧಕ್ಕಿಳಿಸಿದಂತಾಯಿತು. ಹಳೆಯ 35ರ ಜಾಗದಲ್ಲಿ 15 ಸರಿ.

ಪೆಟ್ಟಿಗೆಯ ಆಯ್ಕೆ

ಬ್ಲೇಡ್ ಫ್ಯೂಸಿನ ಎಂಟರಿಂದ ಹನ್ನೆರಡು ಮನೆಗಳ ಪೆಟ್ಟಿಗೆಗಳು ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ದೊರೆಯುತ್ತವೆ. ತಂತಿ, ಲಗ್ಗು, ಸ್ಲೀವುಗಳಿಗೆ ಎಸ್.ಪಿ. ರಸ್ತೆ. ನಗರದ ಉತ್ತರ ಭಾಗದ ನಮ್ಮವರು ಅಷ್ಟು ದೂರ ಹೋಗಲಾರದಿದ್ದರೆ, ಯಶವಂತಪುರದ ಟ್ರಕ್ ಟರ್ಮಿನಲ್ಲಿನ ಆಸುಪಾಸಿನಲ್ಲಿ ಲಾರಿಗಳ ವೈರಿಂಗ್ ಮಾಡುವವರನ್ನು ವಿಚಾರಿಸಬಹುದು. ಭಾರದ ತಂತಿಗೆ ಲಗ್ಗು ಒತ್ತುವ ಕೆಲಸದಲ್ಲಿ ಅವರ ಕೈ ಪಳಗಿರುತ್ತದೆ.

ಪೆಟ್ಟಿಗೆಗಳಲ್ಲಿ ಮೂರು ಜಾತಿ. ಎಲ್ಲ ಫ್ಯೂಸುಗಳಿಗೂ ಒಂದೇ ಲೋಹದ ಪಟ್ಟಿಯಿಂದ ವಿದ್ಯುತ್ ಕೊಡುವುದು ಒಂದು. ಪಟ್ಟಿಯನ್ನು ಎರಡಾಗಿ ವಿಭಜಿಸಿರುವುದು ಇನ್ನೊಂದು. ಪ್ರತಿಯೊಂದು ಫ್ಯೂಸಿಗೂ ಪ್ರತ್ಯೇಕವಾಗಿ ಒಳಬರುವ, ಹೊರಹೋಗುವ ತುದಿಗಳಿರುವುದು ಮೂರನೆಯದು. ನಮ್ಮ ಕಾರುಗಳಿಗೆ ಎರಡನೆಯದೇ ಉತ್ತಮ, ಏಕೆಂದರೆ ಸದಾ ಜೀವವಿರುವ ಗುಂಪು, ಕೀಲಿಯಿಂದ ಜೀವಬರುವ ಗುಂಪು ಎಂಬ ಮೂಲ ವಿಭಾಗವನ್ನು ಅದು ಹಾಗೆಯೇ ಉಳಿಸುತ್ತದೆ. ಹೆಡ್‌ಲೈಟಿಗೆ ಮೂರನೆಯ ಜಾತಿಯ ನಾಲ್ಕು ಮನೆಯ ಚಿಕ್ಕ ಪೆಟ್ಟಿಗೆಯೊಂದನ್ನು ಜೊತೆಗೆ ಕೊಳ್ಳಿ. ಫ್ಯೂಸು ಹಾರಿದಾಗ ಪುಟ್ಟ ಎಲ್.ಇ.ಡಿ. ಹೊತ್ತುವ ಪೆಟ್ಟಿಗೆಗಳೂ ಇವೆ; ಪಾಸಿಟಿವ್ ಅರ್ತ್ ಇರುವ, ಅಂದರೆ ಬ್ಯಾಟರಿಯ ಪಾಸಿಟಿವ್ ಧ್ರುವ ಮೈಗೆ ಹೋಗಿರುವ ಕಾರಿಗೆ ಅವು ನಿರುಪಯೋಗ.

ಬ್ಲೇಡ್ ಫ್ಯೂಸುಗಳ ಬಣ್ಣ ಎಲ್ಲೆಡೆ ಒಂದೇ: 5 ಆಂಪಿಯರ್ ನಸುಗಂದು, 7.5 ಕಂದು, 10 ಕೆಂಪು, 15 ನೀಲಿ, 20 ಹಳದಿ, 30 ಹಸಿರು. ಹೆಸರುಳ್ಳ ತಯಾರಕರದನ್ನೇ ಕೊಳ್ಳಿ. ಮಿತಿಯ ಇಮ್ಮಡಿ ಪ್ರವಾಹ ಹರಿದರೆ ಒಳ್ಳೆಯ ಫ್ಯೂಸು ಐದು ಸೆಕೆಂಡಿನೊಳಗೆ ಹಾರುತ್ತದೆ. ಅಗ್ಗದ ಸರಕು ಹಾರದೆ ತನ್ನ ಪ್ಲಾಸ್ಟಿಕ್ ಮೈಯನ್ನೇ ಕರಗಿಸಿಕೊಂಡು ಕೂತುಬಿಡುವುದುಂಟು.

ಕೆಲಸದ ಕ್ರಮ

1. ಮೊದಲು ಲೆಕ್ಕ. ಕಾರಿನ ಪ್ರತಿಯೊಂದು ಉಪಕರಣದ ವಾಟನ್ನು 12ರಿಂದ ಭಾಗಿಸಿ ಆಂಪಿಯರನ್ನು ಕಾಗದದ ಮೇಲೆ ಬರೆದುಕೊಳ್ಳಿ. 21 ವಾಟಿನ ಎರಡು ಬ್ರೇಕ್ ಬಲ್ಬುಗಳು ಮೂರೂವರೆ ಆಂಪಿಯರ್. ಇಂಡಿಕೇಟರಿನ ಒಂದು ಪಕ್ಕವೂ ಅಷ್ಟೇ. 60 ವಾಟಿನ ಹೆಡ್‌ಲೈಟ್ ಒಂದಕ್ಕೆ ಐದು. ವೈಪರಿನಂಥ ಮೋಟಾರುಗಳನ್ನು ಆಮೀಟರ್ ಇಟ್ಟು ಅಳೆಯುವುದು ಲೇಸು. ಉಪಕರಣದ ಪ್ರವಾಹ ಫ್ಯೂಸಿನ ಅಂಕಿಯ ಮುಕ್ಕಾಲು ಪಾಲನ್ನು ಮೀರದಿರಲಿ. ತಂತಿಯ ವಿಷಯದಲ್ಲಿ 1 ಚದರ ಮಿ.ಮೀ. ತಂತಿಗೆ 10 ಆಂಪಿಯರ್, 1.5ಕ್ಕೆ 15, 2.5ಕ್ಕೆ 20, 6ಕ್ಕೆ 40 ಆಂಪಿಯರಿನ ಫ್ಯೂಸು ಮೇಲ್ಮಿತಿಯೆಂದು ಇಟ್ಟುಕೊಂಡರೆ ತಪ್ಪಾಗದು.

ಈ ಲೆಕ್ಕದ ಜೊತೆಗೆ ಡೈನಮೋವನ್ನೂ ನೆನೆಯಿರಿ. ಹಳೆಯ ಡೈನಮೋ ಎಂಜಿನು ಚೆನ್ನಾಗಿ ಓಡುತ್ತಿರುವಾಗ ಕೊಡುವುದು ಸುಮಾರು 20 ಆಂಪಿಯರ್. ಸಿಗ್ನಲ್ಲಿನಲ್ಲಿ ನಿಂತಾಗ ಅದು ಕೊಡುವುದು ಏನೂ ಇಲ್ಲ. ಬಳ್ಳಾರಿ ರಸ್ತೆಯ ಸಂಜೆಯ ಸಾಲಿನಲ್ಲಿ ತೆವಳುವ ಕಾರು ಬಹುಕಾಲ ಬ್ಯಾಟರಿಯ ಕೂಡಿಟ್ಟ ದ್ರವ್ಯದಿಂದಲೇ ಜೀವಿಸುತ್ತದೆ. ಹೊಸ ಪೆಟ್ಟಿಗೆಯಲ್ಲಿ ಖಾಲಿ ಮನೆಗಳಿವೆಯೆಂದು ಹೊಸ ಉಪಕರಣಗಳನ್ನು ಸೇರಿಸುತ್ತ ಹೋಗಬಾರದು. ಪೆಟ್ಟಿಗೆಯು ಪ್ರವಾಹವನ್ನು ಹಂಚುತ್ತದೆಯೇ ಹೊರತು ಉತ್ಪಾದಿಸುವುದಿಲ್ಲ.

2. ಚಿತ್ರ ತೆಗೆದು, ಚೀಟಿ ಕಟ್ಟಿ. ಹಳೆಯ ಪೆಟ್ಟಿಗೆಯ ಪ್ರತಿಯೊಂದು ತಂತಿಯ ಛಾಯಾಚಿತ್ರ ತೆಗೆದು, ಬಟ್ಟೆಯ ಚೀಟಿ ಕಟ್ಟಿದ ಮೇಲೆಯೇ ಸ್ಕ್ರೂಡ್ರೈವರ್ ಮುಟ್ಟಿ. ಲೂಕಾಸ್ ಪದ್ಧತಿಯಲ್ಲಿ ಬಣ್ಣಗಳೇ ಭಾಷೆ: ಕಂದು ಬಣ್ಣದ್ದು ಫ್ಯೂಸಿಲ್ಲದೆ ಬ್ಯಾಟರಿಯಿಂದ ಬರುವುದು, ಬಿಳಿಯದು ಕೀಲಿಯಿಂದ ಬರುವುದು, ಹಸಿರು ಕೀಲಿಯ ಫ್ಯೂಸನ್ನು ದಾಟಿದ್ದು, ನೇರಳೆ ಸದಾ ಜೀವವಿರುವ ಫ್ಯೂಸನ್ನು ದಾಟಿದ್ದು, ನೀಲಿ ಹೆಡ್‌ಲೈಟಿನದು, ಕೆಂಪು ಪಾರ್ಕ್ ಮತ್ತು ಹಿಂದೀಪಗಳದು, ಕಪ್ಪು ಅರ್ತ್. ಹತ್ತಾರು ವರ್ಷಗಳ ಕೊಳೆಯಲ್ಲಿ ಹಸಿರೂ ಕಂದೂ ಒಂದೇ ಆಗಿ ಕಾಣುತ್ತವೆ. ಸೀಮೆಎಣ್ಣೆ ತೇವದ ಬಟ್ಟೆಯಿಂದ ಒರೆಸಿ ನೋಡಿ. ಬಣ್ಣವೊಂದನ್ನೇ ನಂಬದೆ ಟೆಸ್ಟ್ ಲ್ಯಾಂಪಿನಿಂದಲೂ ಖಚಿತಪಡಿಸಿಕೊಳ್ಳಿ, ಏಕೆಂದರೆ ನಡುವೆ ಯಾವನೋ ಮೇಸ್ತ್ರಿ ಕೈಗೆ ಸಿಕ್ಕ ಬಣ್ಣದ ತಂತಿ ಸೇರಿಸಿರಬಹುದು.

3. ಬ್ಯಾಟರಿಯನ್ನು ಬಿಡಿಸುವುದು. ಕಾರಿನ ಮೈಗೆ ಹೋಗಿರುವ ಕೇಬಲ್ಲನ್ನೇ ಮೊದಲು ಬಿಚ್ಚಬೇಕು, ಕಟ್ಟುವಾಗ ಅದನ್ನೇ ಕೊನೆಗೆ. ಹೀಗಾದರೆ ಸ್ಪ್ಯಾನರ್ ಮೈಗೆ ತಗುಲಿದರೂ ಕಿಡಿ ಹಾರುವುದಿಲ್ಲ. ಆಗಲೇ ಯಾವ ಧ್ರುವ ಮೈಗೆ ಹೋಗಿದೆಯೆಂದು ನೋಡಿಕೊಳ್ಳಿ. ಹಳೆಯ ಇಂಗ್ಲಿಷ್ ಪದ್ಧತಿಯಲ್ಲಿ ಪಾಸಿಟಿವ್ ಅರ್ತ್ ಸಾಮಾನ್ಯ. ಫ್ಯೂಸಿಗೆ ಇದರಿಂದ ಭೇದವಿಲ್ಲ. ಒಳಗೆ ಡಯೋಡ್ ಇರುವ ರಿಲೇಗೂ ಮೊಬೈಲ್ ಚಾರ್ಜರಿಗೂ ಬಹಳ ಭೇದವಿದೆ.

4. ಸ್ಥಳ. ಬ್ಯಾಟರಿಯ ನೇರ ಮೇಲೆ ಬೇಡ, ಆಮ್ಲದ ಆವಿ ತಾಮ್ರವನ್ನು ತಿನ್ನುತ್ತದೆ. ಸೈಲೆನ್ಸರಿನ ಮೊದಲ ಕೊಳವೆಯ ಬಳಿ ಬೇಡ. ಕಾರ್ಬುರೇಟರಿನ ಕೆಳಗಂತೂ ಬೇಡವೇ ಬೇಡ. ಡ್ಯಾಷ್‌ಬೋರ್ಡಿನ ಅಡಿಯಲ್ಲಿ ಪಕ್ಕದ ಗೋಡೆ ಪ್ರಶಸ್ತ. ಅಲ್ಲಿ ಈಗಾಗಲೇ ಇರುವ ಸ್ಕ್ರೂ ರಂಧ್ರಕ್ಕೆ ಹೊಂದುವಂತೆ ಅಲ್ಯೂಮಿನಿಯಂ ತಗಡಿನ ಆಧಾರವೊಂದನ್ನು ಬಾಗಿಸಿ ಅದರ ಮೇಲೆ ಪೆಟ್ಟಿಗೆಯನ್ನು ಕೂರಿಸಿ. ಕಾರಿನ ಮೈಗೆ ಹೊಸ ರಂಧ್ರ ಕೊರೆಯಬೇಡಿ.

ಹಳೆಯ ಪೆಟ್ಟಿಗೆಯನ್ನು ಕಿತ್ತೆಸೆಯಲೂ ಬೇಡಿ. ಅದು ತನ್ನ ಸ್ಥಳದಲ್ಲಿಯೇ ಇರಲಿ. ಬೇಕೆಂದಾಗ ಒಂದು ಮಧ್ಯಾಹ್ನದಲ್ಲಿ ಕಾರನ್ನು ಕಾರ್ಖಾನೆಯ ಸ್ಥಿತಿಗೆ ಮರಳಿಸುವಂತಿರಲಿ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರ ಹೊರಡಿಸಿದ ನಿಯಮದಂತೆ, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲ ಸ್ವರೂಪದಲ್ಲಿರುವ, ಚಾಸಿ, ಬಾಡಿ, ಎಂಜಿನುಗಳಲ್ಲಿ ಗಣನೀಯ ಮಾರ್ಪಾಡಿಲ್ಲದ ಕಾರನ್ನು ವಿಂಟೇಜ್ ವಾಹನವೆಂದು ನೋಂದಾಯಿಸಬಹುದು. ಫ್ಯೂಸ್ ಪೆಟ್ಟಿಗೆ ಆ ಮೂರರಲ್ಲಿ ಯಾವುದಕ್ಕೂ ಸೇರದಿದ್ದರೂ, ಮೈಯಲ್ಲಿ ಗಾಯವಿಲ್ಲದ ಕಾರಿನ ಮರ್ಯಾದೆಯೇ ಬೇರೆ.

5. ಮುಖ್ಯ ತಂತಿ. ಸ್ಟಾರ್ಟರ್ ಸೊಲೆನಾಯ್ಡಿನಲ್ಲಿ ಬ್ಯಾಟರಿ ಕೇಬಲ್ ಬಂದು ಸೇರುವ ಬೋಲ್ಟಿನಿಂದ 6 ಚದರ ಮಿ.ಮೀ. ತಂತಿಯನ್ನು ತೆಗೆದು, ಒಂದು ಗೇಣಿನೊಳಗೇ 40 ಆಂಪಿಯರಿನ ಮುಖ್ಯ ಫ್ಯೂಸನ್ನು ಅಳವಡಿಸಿ, ಅಲ್ಲಿಂದ ಹೊಸ ಪೆಟ್ಟಿಗೆಯ ಸದಾ ಜೀವವಿರುವ ಪಟ್ಟಿಗೆ ತನ್ನಿ. ಎಂಜಿನ್ ಕೋಣೆಯ ತಗಡನ್ನು ದಾಟುವೆಡೆ ರಬ್ಬರ್ ಗ್ರಾಮೆಟ್ ಕಡ್ಡಾಯ. ಗ್ರಾಮೆಟ್ಟಿಲ್ಲದ ತಗಡಿನ ಅಂಚು ಸಾವಿರ ಕಿಲೋಮೀಟರಿನಲ್ಲಿ ತಂತಿಯ ಹೊದಿಕೆಯನ್ನು ಕತ್ತರಿಸಿಬಿಡಬಲ್ಲದು. ಆಮೀಟರ್ ಇರುವ ಕಾರಿನಲ್ಲಿ, ಹೀಗೆ ಸೊಲೆನಾಯ್ಡಿನಿಂದ ತೆಗೆದ ಪ್ರವಾಹ ಆ ಮುಳ್ಳಿನಲ್ಲಿ ಖರ್ಚಾಗಿ ಕಾಣುವುದಿಲ್ಲವೆಂಬುದನ್ನು ತಿಳಿದಿರಿ.

6. ಕೀಲಿಯ ಗುಂಪಿಗೆ ರಿಲೇ. ಹಳೆಯ ಕೀಲಿಯ ಒಳಗಿನ ತಾಮ್ರದ ಮೇಲೆ ಇಡೀ ಗುಂಪಿನ ಭಾರ ಹೊರಿಸದೆ, 40 ಆಂಪಿಯರಿನ ರಿಲೇಯೊಂದನ್ನು ಪೆಟ್ಟಿಗೆಯ ಪಕ್ಕದಲ್ಲಿಯೇ ಇರಿಸಿ. ರಿಲೇಯ 30ನೆಯ ತುದಿಗೆ ಮುಖ್ಯ ಫ್ಯೂಸಿನ ಆಚೆಯಿಂದ ಮುಖ್ಯ ತಂತಿಯಷ್ಟೇ ದಪ್ಪದ ತುಂಡು, 87ರಿಂದ ಪೆಟ್ಟಿಗೆಯ ಎರಡನೆಯ ಪಟ್ಟಿಗೆ ಅಂಥದೇ ಇನ್ನೊಂದು, 86ಕ್ಕೆ ಕೀಲಿಯಿಂದ ಬರುವ ಬಿಳಿಯ ತಂತಿಯ ಕವಲು, 85 ಅರ್ತ್‌ಗೆ. ಕೀಲಿ ಈಗ ಹೊರುವುದು ರಿಲೇಯ ಸುರುಳಿಗೆ ಬೇಕಾದ ಅತ್ಯಲ್ಪ ಪ್ರವಾಹವನ್ನೂ ಇಗ್ನಿಷನ್ ಕಾಯಿಲ್ಲನ್ನೂ ಮಾತ್ರ.

7. ಒಂದೊಂದಾಗಿ ವರ್ಗಾವಣೆ. ಎ4ರಲ್ಲಿ ಗುಂಪಾಗಿ ಸೇರಿರುವ ಹಸಿರು ತಂತಿಗಳನ್ನು ಬೇರ್ಪಡಿಸಿ, ವೈಪರಿಗೆ ಒಂದು ಮನೆ, ಬ್ರೇಕ್ ದೀಪಕ್ಕೆ ಒಂದು, ಇಂಡಿಕೇಟರಿಗೆ ಒಂದು, ಮಾಪಕಗಳಿಗೆ ಒಂದು ಎಂದು ಹಂಚಿ. ಬ್ರೇಕ್ ದೀಪವನ್ನು ಇನ್ನಾವುದರೊಡನೆಯೂ ಕೂಡಿಸಬೇಡಿ; ಹಿಂದಿನವನಿಗೆ ನೀವು ನಿಲ್ಲುತ್ತಿರುವುದನ್ನು ತಿಳಿಸುವುದು ಅದೊಂದೇ. ಬಳಿಕ ಎ2ರ ನೇರಳೆ ತಂತಿಗಳು: ಹಾರ್ನಿಗೆ ಪ್ರತ್ಯೇಕ ಮನೆ. ಒಂದನ್ನು ಸ್ಥಳಾಂತರಿಸಿ ಪರೀಕ್ಷಿಸಿದ ಮೇಲೆಯೇ ಮುಂದಿನದು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿ ಹರಡಿಕೊಂಡು ಕೂತರೆ ತಪ್ಪು ಎಲ್ಲಿಯದೆಂದು ಹುಡುಕುವುದೇ ದೊಡ್ಡ ಕೆಲಸವಾದೀತು. ಪಾರ್ಕ್ ಲೈಟಿನ ಕೆಂಪು ತಂತಿಗಳಲ್ಲಿ ಎಡಬಲಗಳಿಗೆ ಬೇರೆಬೇರೆ ಫ್ಯೂಸು ಸ್ವಿಚ್ಚಿನ ಆಚೆ ಇರಲಿ.

ಹೆಡ್‌ಲೈಟಿನ ಪ್ರತ್ಯೇಕ ವಿಚಾರ

ಲೂಕಾಸ್ ಪದ್ಧತಿಯವರು ಹೆಡ್‌ಲೈಟಿಗೆ ಫ್ಯೂಸು ಹಾಕದಿದ್ದುದು ಅಜ್ಞಾನದಿಂದಲ್ಲ. ಕತ್ತಲೆಯ ರಸ್ತೆಯಲ್ಲಿ ಒಂದು ಫ್ಯೂಸು ಹಾರಿ ಎರಡು ದೀಪಗಳೂ ಆರಿದರೆ ಆಗುವ ಅಪಾಯ, ತಂತಿ ಸುಡುವ ಅಪಾಯಕ್ಕಿಂತ ದೊಡ್ಡದೆಂಬುದು ಇದರ ಸಮರ್ಥನೆ. ಆದುದರಿಂದ ಫ್ಯೂಸನ್ನು ಹಾಕುವುದಾದರೆ ಎರಡು ದೀಪಕ್ಕೂ ಸೇರಿ ಒಂದನ್ನು ಎಂದಿಗೂ ಹಾಕಬಾರದು. ನಾಲ್ಕು ಬೇಕು: ಎಡದ ಡಿಮ್, ಬಲದ ಡಿಮ್, ಎಡದ ಬ್ರೈಟ್, ಬಲದ ಬ್ರೈಟ್. ಡಿಮ್ಮರ್ ಸ್ವಿಚ್ಚಿನಿಂದ ಹೊರಬರುವ ನೀಲಿ-ಕೆಂಪು ತಂತಿ ಡಿಮ್ಮಿನದು, ನೀಲಿ-ಬಿಳಿ ಬ್ರೈಟಿನದು. ಇವೆರಡನ್ನೂ ನೇರವಾಗಿ ದೀಪಕ್ಕೆ ಕಳಿಸದೆ ಎರಡು ರಿಲೇಗಳ 86ನೆಯ ತುದಿಗೆ ಕೊಟ್ಟು, ರಿಲೇಗಳ 30ಕ್ಕೆ ಮುಖ್ಯ ಫ್ಯೂಸಿನ ಆಚೆಯಿಂದ ಭಾರದ ತಂತಿ ತಂದು, 85ನ್ನು ಅರ್ತ್‌ಗೆ ಕಟ್ಟಿ, ಪ್ರತಿ ರಿಲೇಯ 87ರಿಂದ ಎರಡೆರಡು ಫ್ಯೂಸುಗಳ ಮೂಲಕ ಆಯಾ ಬಲ್ಬಿಗೆ 1.5 ಚದರ ಮಿ.ಮೀ. ತಂತಿ ಎಳೆಯಿರಿ. 60 ವಾಟಿನ ತಂತುವಿಗೆ ಐದು ಆಂಪಿಯರ್ ಸಾಕಾದರೂ, ತಣ್ಣಗಿರುವ ತಂತು ಹೊತ್ತಿಕೊಳ್ಳುವ ಮೊದಲ ಕ್ಷಣದಲ್ಲಿ ಹಲವು ಪಟ್ಟು ಹೆಚ್ಚು ಎಳೆಯುವುದರಿಂದ 10 ಆಂಪಿಯರಿನ ಕೆಂಪು ಫ್ಯೂಸು ಸೂಕ್ತ.

ಈ ಒಂದು ಮಾರ್ಪಾಡಿನಿಂದ ಬೆಳಕಿನಲ್ಲಾಗುವ ಬದಲಾವಣೆ ಕಣ್ಣಿಗೆ ಕಾಣುವಷ್ಟಿರುತ್ತದೆ. ಮೊದಲು ದೀಪದ ಪ್ರವಾಹವೆಲ್ಲ ಕಟೌಟ್, ದೀಪದ ಸ್ವಿಚ್ಚು, ಕಾಲಿನ ಡಿಮ್ಮರ್, ಐದಾರು ಬುಲೆಟ್ ಜೋಡಣೆಗಳನ್ನು ದಾಟಿ, ಒಂದೊಂದರಲ್ಲಿಯೂ ಸುಂಕ ತೆತ್ತು ಬರುತ್ತಿತ್ತು. ಈಗ ನೇರ ಹಾದಿ. ಹೆರಾಲ್ಡಿಗೂ ಇದೇ ಕ್ರಮ ಹೊಂದುತ್ತದೆ. ಪದ್ಮಿನಿಯವರು ರಿಲೇಗಳನ್ನು ಸೇರಿಸಿ, ಪಿಂಗಾಣಿ ಫ್ಯೂಸುಗಳ ಬದಲಿಗೆ ಅದೇ ಅಂಕಿಯ ಸಮೀಪದ ಬ್ಲೇಡ್ ಫ್ಯೂಸುಗಳನ್ನು ಹಾಕಿದರೆ ಆಯಿತು.

ಫ್ಯೂಸು ಬೇಡವಾದೆಡೆಗಳು

ಸ್ಟಾರ್ಟರಿನ ದಪ್ಪ ಕೇಬಲ್ಲಿಗೆ ಫ್ಯೂಸಿಲ್ಲ. ಡೈನಮೋ ಮತ್ತು ಕಟೌಟಿನ ನಡುವಿನ ತಂತಿಗಳನ್ನು ಮುಟ್ಟಬೇಡಿ. ಇಗ್ನಿಷನ್ ಕಾಯಿಲ್ಲಿನ ಬಿಳಿಯ ತಂತಿಗೆ ಫ್ಯೂಸು ಬೇಕೆನ್ನುವವರಿದ್ದಾರೆ. ನಡುರಸ್ತೆಯಲ್ಲಿ ಎಂಜಿನನ್ನು ನಿಲ್ಲಿಸಬಲ್ಲ ಫ್ಯೂಸು ನನಗೆ ಸಮ್ಮತವಲ್ಲ. ಆ ತಂತಿಯನ್ನು ಹೊಸದಾಗಿ, ಸ್ಲೀವಿನೊಳಗೆ, ಅಂಚುಗಳಿಂದ ದೂರವಾಗಿ ಎಳೆಯುವುದೇ ಅದರ ರಕ್ಷಣೆ.

ಸಾಮಾನ್ಯವಾಗಿ ಆಗುವ ತಪ್ಪುಗಳು

ಹಾರಿದ ಫ್ಯೂಸಿಗೆ ಬದಲಾಗಿ ಹೆಚ್ಚಿನ ಅಂಕಿಯದನ್ನು ಹಾಕುವುದು ಎಲ್ಲಕ್ಕಿಂತ ಕೆಟ್ಟದು. ಸಿಗರೇಟು ಪ್ಯಾಕಿನ ಬೆಳ್ಳಿ ಹಾಳೆಯನ್ನೋ ತಾಮ್ರದ ಎಳೆಯನ್ನೋ ಸುತ್ತುವುದು ಅದರ ಇನ್ನೊಂದು ರೂಪ. ಎರಡನೆಯ ಬಾರಿ ಅದೇ ಫ್ಯೂಸು ಹಾರಿದರೆ ಮೂರನೆಯದನ್ನು ಹಾಕದೆ ತಂತಿಯನ್ನು ಹುಡುಕತಕ್ಕದ್ದು.

ಮನೆಯ ವೈರಿಂಗಿನ ತಂತಿಯನ್ನು ಕಾರಿಗೆ ಬಳಸುವುದು ಮತ್ತೊಂದು. ಅದರ ಹೊದಿಕೆ ಎಂಜಿನ್ ಕೋಣೆಯ ಉಷ್ಣಕ್ಕೂ ಎಣ್ಣೆಗೂ ಮೆತ್ತಗಾಗುತ್ತದೆ, ಒಂಟಿ ಕಂಬಿಯದಾದರೆ ಅಲುಗಾಟಕ್ಕೆ ಮುರಿಯುತ್ತದೆ. ಸಣ್ಣ ಎಳೆಗಳು ಹಲವಿರುವ, ವಾಹನಕ್ಕೆಂದೇ ಮಾಡಿದ ತಂತಿ ಬೇಕು. ತಂತಿ ಹೊಸೆದು ಟೇಪ್ ಸುತ್ತುವ ರೂಢಿಯನ್ನು ಬಿಡಬೇಕು: ಬೇಸಿಗೆಯಲ್ಲಿ ಅಂಟು ಕರಗಿ ಟೇಪು ಜಾರುತ್ತದೆ. ಲಗ್ಗನ್ನು ಕಟಿಂಗ್ ಪ್ಲೇಯರಿನಿಂದ ಚಪ್ಪಟೆ ಮಾಡದೆ ಸರಿಯಾದ ಕ್ರಿಂಪಿಂಗ್ ಉಪಕರಣದಿಂದ ಒತ್ತಿ, ಜೋರಾಗಿ ಎಳೆದು ನೋಡಿ. ಕೈಗೆ ಬಂದರೆ ಅದು ರಸ್ತೆಯಲ್ಲಿ ಬರುವುದೂ ನಿಶ್ಚಯ. ಬರಿಯ ಬೆಸುಗೆ ಹಾಕಿದರೆ ಬೆಸುಗೆ ನಿಂತೆಡೆಯಲ್ಲಿ ತಂತಿ ಪೆಡಸಾಗಿ, ಕಂಪನದಿಂದ ಅಲ್ಲಿಯೇ ತುಂಡಾಗುತ್ತದೆ.

ಬಣ್ಣದ ಮೇಲೆ ಅರ್ತ್ ಕಟ್ಟುವುದು ಬಹಳ ಕಡೆ ಕಾಣುವ ತಪ್ಪು. ಮೈಯ ತಗಡನ್ನು ಹೊಳೆಯುವವರೆಗೆ ಉಜ್ಜಿ, ಹಲ್ಲಿನ ವಾಷರ್ ಇಟ್ಟು ಬಿಗಿದು, ಮೇಲೆ ಪೆಟ್ರೋಲಿಯಂ ಜೆಲ್ಲಿ ಸವರಬೇಕು. ಎಂಜಿನ್ನಿನಿಂದ ಮೈಗೆ ಬರುವ ಹೆಣೆದ ಅರ್ತ್ ಪಟ್ಟಿಯನ್ನೂ ಇದೇ ಸಂದರ್ಭದಲ್ಲಿ ನೋಡಿಬಿಡಿ.

ಪರೀಕ್ಷೆ

ಎಲ್ಲ ಫ್ಯೂಸುಗಳನ್ನೂ ಹೊರತೆಗೆದು, ಎಲ್ಲ ಸ್ವಿಚ್ಚುಗಳನ್ನೂ ಆರಿಸಿ, ಬ್ಯಾಟರಿಯ ಅರ್ತ್ ಕೇಬಲ್ಲನ್ನು ನೇರವಾಗಿ ಕಟ್ಟದೆ ನಡುವೆ 21 ವಾಟಿನ ಒಂದು ಬಲ್ಬನ್ನು ಇಟ್ಟು ಕಟ್ಟಿ. ಬಲ್ಬು ಹೊತ್ತಬಾರದು. ಹೊತ್ತಿತೆಂದರೆ ಎಲ್ಲಿಯೋ ಶಾರ್ಟ್ ಇದೆ. ಆದರೆ ಎರಡು ಆಂಪಿಯರಿಗಿಂತ ಹೆಚ್ಚು ಹರಿಯಲು ಆ ಬಲ್ಬು ಬಿಡದಾದ್ದರಿಂದ ಯಾವುದೂ ಸುಡುವುದಿಲ್ಲ, ನೀವು ಸಮಾಧಾನದಿಂದ ಹುಡುಕಬಹುದು. ಬಲ್ಬು ಆರಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಹಾಕುತ್ತ, ಪ್ರತಿಯೊಂದಕ್ಕೂ ಬಲ್ಬನ್ನು ನೋಡುತ್ತ ಹೋಗಿ. ಈ ಪರೀಕ್ಷೆ ಪೂರ್ತಿಯಾಗುವವರೆಗೆ ಸ್ಟಾರ್ಟರ್ ಮುಟ್ಟಬೇಡಿ.

ಕೇಬಲ್ಲನ್ನು ನೇರವಾಗಿ ಕಟ್ಟಿ, ಎಂಜಿನನ್ನು ಓಡಿಸಿ, ಬ್ರೈಟ್ ದೀಪ ಹಾಕಿ, ಬ್ಯಾಟರಿಯ ಜೀವದ ತುದಿಗೂ ಬಲ್ಬಿನ ಹಿಂಬದಿಯ ತುದಿಗೂ ನಡುವೆ ಮೀಟರ್ ಹಿಡಿಯಿರಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿದರೆ ಯಾವುದೋ ಲಗ್ಗು ಸರಿಯಾಗಿ ಕೂತಿಲ್ಲ. ಕಾಲು ಗಂಟೆಯ ಬಳಿಕ ಪ್ರತಿ ಫ್ಯೂಸಿನ ನೆತ್ತಿಯನ್ನು ಬೆರಳಿನಿಂದ ಮುಟ್ಟಿ ನೋಡಿ. ಉಗುರುಬೆಚ್ಚಗಿರಬಹುದು, ಬೆರಳನ್ನು ಹಿಂತೆಗೆಯುವಷ್ಟು ಬಿಸಿಯಿದ್ದರೆ ಆ ಮನೆಯ ಹಿಡಿತ ಸಡಿಲ.

ಯಾವ ಮನೆ ಯಾವುದಕ್ಕೆ, ಎಷ್ಟು ಆಂಪಿಯರ್ ಎಂಬ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಪೆಟ್ಟಿಗೆಯ ಮುಚ್ಚಳದ ಒಳಮೈಗೆ ಅಂಟಿಸಿ, ಪ್ರತಿ ಅಂಕಿಯದೂ ಎರಡೆರಡು ಫ್ಯೂಸುಗಳನ್ನು ಡ್ಯಾಷ್‌ಬೋರ್ಡಿನ ಖಾನೆಯಲ್ಲಿಡಿ. ಮೊದಲ ಐನೂರು ಕಿಲೋಮೀಟರಿನ ಬಳಿಕ ಒಮ್ಮೆ, ಆಮೇಲೆ ಪ್ರತಿ ಮಳೆಗಾಲದ ಕೊನೆಯಲ್ಲಿ ಒಮ್ಮೆ, ಸೊಲೆನಾಯ್ಡಿನ ನಟ್ಟನ್ನೂ ಪೆಟ್ಟಿಗೆಯ ತಿರುಪುಗಳನ್ನೂ ಅರ್ತ್ ಬೋಲ್ಟನ್ನೂ ಬಿಗಿದು ನೋಡತಕ್ಕದ್ದು.